ಒಂದು ಸಲ ಅತ್ತ ಮಗು ಲೆಕ್ಕದಲ್ಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಪತ್ರ ಉದ್ದ ಆಗ್ತದೆ, ಮೊದ್ಲೇ ಹೇಳ್ತೇನೆ. ಜಾಗ ಇಲ್ಲ ಅಂತ ಕತ್ತರಿ ಹಾಕೋದಾದ್ರೆ ಎಲ್ಲಿ ಬೇಕಾದ್ರೂ ಹಾಕಿ, ಡೈರಿ ವಿಷಯ ಬರೋ ಕಡೆ ಮಾತ್ರ ಹಾಕ್ಬೇಡಿ, ಅದಿಲ್ದಿದ್ರೆ ಈ ಪತ್ರ ಬರ್ಯೋ ಅಗತ್ಯವೇ ನಂಗೆ ಇರ್ಲಿಲ್ಲ.

ನಾನು ಆರೋಗ್ಯ ಇಲಾಖೇಲಿ ನರ್ಸಬಾಯಿ ಆಗಿದ್ದೋಳು. ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅಂತ ಮಾರುದ್ದ ಹೆಸರು, ಆಮೇಲೆ ಪ್ರಮೋಷನ್ ಆಗಿ ಕಿರಿಯ ಹೋಗಿ ಹಿರಿಯ ಬಂತು, ಊರೋರಿಗೆ ಮಾತ್ರ ಕೊನೇ ದಿನದವರೆಗೂ ನರ್ಸಬಾಯಿನೇ. ಉತ್ತರ ಕನ್ನಡದ ಅಂಕೋಲಾ, ಕುಮಟಾ ತಾಲೂಕಲ್ಲಿ ಒಟ್ಟು ಮೂವತ್ತೊಂದು ವರ್ಷ ತೂಕದ ತಕ್ಕಡಿ ಚೀಲದಲ್ಲಿ ಹಾಕ್ಕೊಂಡು ಹೊಳೆ ದಾಟಿ ಗುಡ್ಡ ಹತ್ತಿ ತಿರುಗಿದ್ದೇನೆ. ಈಗ ಮಂಡಿ ನೋವು, ಕುಮಟೇಲಿ ಮನೇಲೇ ಕೂತು ಪೇಪರ್ ಓದ್ತೇನೆ.

ಸ್ವಲ್ಪ ದಿನದ ಹಿಂದೆ ನಿಮ್ಮ ಪೇಪರಲ್ಲಿ ಮಕ್ಕಳ ಸಾವಿನ ಪ್ರಮಾಣ ಹೇಗೆ ಇಳೀತಾ ಬಂದಿದೆ, 2030ಕ್ಕೆ ಎಷ್ಟಾಗ್ಬಹುದು ಅಂತ ಒಂದು ಸುದ್ದಿ, ಜೊತೆಗೆ ಒಂದು ಗ್ರಾಫ್ ಬಂದಿತ್ತು. ಗೆರೆ ಚಂದಾಗಿ ಕೆಳಗಿಳಿದು ಕೊನೇಲಿ ಚುಕ್ಕಿ ಚುಕ್ಕಿ ಆಗಿ 2030ರ ಹತ್ರ ಗುರಿಗೆ ಮುಟ್ತಿತ್ತು. ಸರಿಯಾಗಿ ಅದೇ ವಾರ ಧಾರವಾಡದಲ್ಲಿ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಓದ್ತಾ ಇರೋ ನಮ್ಮ ತಮ್ಮನ ಮೊಮ್ಮಗ ರಜೆಗೆ ಬಂದಿದ್ದ, ಅವನ ಪ್ರಾಜೆಕ್ಟೂ ಅದೇ, ಅಭಿವೃದ್ಧಿಶೀಲ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಮರಣದ ಮುನ್ಸೂಚನೆ. ಲ್ಯಾಪ್‌ಟಾಪ್ ಜಗಲಿ ಮೇಲೆ ಇಟ್ಕೊಂಡು ಆರಿಮಾ ಆರಿಮಾ ಅಂತಿದ್ದ, ನಾನು ಮೊದ್ಲು ಯಾವ್ದೋ ಹುಡುಗಿ ಹೆಸರು ಅಂದ್ಕೊಂಡೆ. ಅದು ಮಾಡೆಲ್ ಅಂತೆ, ಹಿಂದಿನ ವರ್ಷಗಳ ಅಂಕಿ, ಹಿಂದೆ ಅಂದಾಜು ಎಷ್ಟು ತಪ್ಪಿತ್ತು ಅನ್ನೋದು, ಎರಡನ್ನೂ ನೋಡ್ಕೊಂಡು ಮುಂದಿನ ವರ್ಷ ಹೇಳೋದು. ನಮ್ಮ ಕಡೆ ಮೀನುಗಾರ್ರು ಮಾಡೋದೂ ಹೆಚ್ಚುಕಮ್ಮಿ ಅದೇ, ಅವ್ರಿಗೆ ಎಂಎಸ್ಸಿ ಇಲ್ಲ ಅಷ್ಟೇ.

ಇರ್ಲಿ. ಆ ಹುಡುಗನ ಜೊತೆ ಮೂರ್ನಾಲ್ಕು ಸಂಜೆ ಕೂತು ನಾನೂ ಲೆಕ್ಕ ಕಲ್ತೆ. ಕಲ್ತಿದ್ದು ಮೊದ್ಲು ಹೇಳ್ತೇನೆ, ಆಮೇಲೆ ನನ್ನ ತಕರಾರು.

ಸಾವಿರ ಮಕ್ಕಳು ಜೀವಂತ ಹುಟ್ಟಿದ್ರೆ ಅದ್ರಲ್ಲಿ ಎಷ್ಟು ಮಕ್ಕಳು ಐದು ವರ್ಷ ತುಂಬೋ ಮೊದ್ಲೇ ತೀರ್ಕೊಳ್ತಾವೆ, ಆ ಸಂಖ್ಯೆಯ ಮಾತು ಇದು. ನಮ್ಮ ದೇಶದ್ದೇ ತಗೊಳ್ಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಮಾಡ್ತಾರಲ್ಲ, ಅದ್ರ ಮೊದಲ್ನೇ ಸುತ್ತು 1992-93ರಲ್ಲಿ, ಆಗ 109 ಇತ್ತು. ಎರಡನೇ ಸುತ್ತಿಗೆ 95, 2005-06ಕ್ಕೆ 74, 2015-16ಕ್ಕೆ 50. ಇಷ್ಟು ಮಾತ್ರ ಕೈಲಿ ಇದೆ, ಮುಂದಿನ ಸುತ್ತಿಗೆ ಎಷ್ಟು ಬರ್ಬಹುದು ಹೇಳು ಅಂತ ಹುಡುಗ ನಂಗೆ ಪರೀಕ್ಷೆ ಇಟ್ಟ. ನಾನು ಹಳೇ ಕ್ಯಾಲೆಂಡರ್ ಹಿಂದೆ ಸ್ಕೇಲ್ ಇಟ್ಟು ಗೆರೆ ಎಳ್ದೆ. ಇಪ್ಪತ್ಮೂರು ವರ್ಷದಲ್ಲಿ 59 ಇಳಿದಿದೆ ಅಂದ್ರೆ ವರ್ಷಕ್ಕೆ ಎರಡೂವರೆ ಚಿಲ್ಲರೆ, ಹಾಗಾದ್ರೆ ಇನ್ನು ನಾಲ್ಕೂವರೆ ವರ್ಷಕ್ಕೆ 38 ಅಥ್ವಾ 39. ಹುಡುಗ ನಕ್ಕು ಅದೇ ಗೆರೆ ಮುಂದುವರ್ಸಿ ಅಜ್ಜಿ ಅಂದ. ಮುಂದುವರ್ಸಿದೆ. 2035ಕ್ಕೆ ಸೊನ್ನೆ! ಅದ್ರಾಚೆ ಸೊನ್ನೆಗಿಂತ ಕೆಳಗೆ, ಸತ್ತ ಮಕ್ಕಳು ಎದ್ದು ಬರ್ಬೇಕು.

ಹಾಗಾಗಿ ಗೆರೆ ನೇರ ಎಳೀಬಾರ್ದಂತೆ, ವರ್ಷಕ್ಕೆ ಇಷ್ಟು ಶೇಕಡಾ ಅಂತ ಇಳಿಸ್ಬೇಕಂತೆ. 109ರಿಂದ 50ಕ್ಕೆ ಬರೋಕೆ ವರ್ಷಕ್ಕೆ ಸುಮಾರು ಶೇಕಡಾ 3.4ರಂತೆ ಇಳಿದಿದೆ, ಅದೇ ವೇಗ ಹಿಡಿದ್ರೆ ಮುಂದಿನ ಸುತ್ತಿಗೆ 43. 2019-21ರ ಸಮೀಕ್ಷೇಲಿ ನಿಜವಾಗಿ ಬಂದಿದ್ದು 42. ನಂಗೆ ಆಶ್ಚರ್ಯ ಆಯ್ತು, ಇಷ್ಟು ಸಣ್ಣ ಲೆಕ್ಕ ಇಷ್ಟು ಹತ್ರ ಬರ್ತದಾ ಅಂತ. ಆಮೇಲೆ ಯೋಚಿಸಿದ್ರೆ ಇದು ಕಾಯಿಹಾಲು ತೆಗ್ದ ಹಾಗೇ. ಮೊದಲ್ನೇ ಹಿಂಡಿಗೆ ದಪ್ಪ ಹಾಲು ದಂಡಿಯಾಗಿ ಬರ್ತದೆ, ಎರಡನೇ ಸಲಕ್ಕೆ ತೆಳು, ಮೂರನೇ ಸಲಕ್ಕೆ ಕೈ ನೋಯ್ತದೆಯೇ ಹೊರತು ಹಾಲು ಅಷ್ಟಕ್ಕಷ್ಟೇ.

ಆ ಮೊದಲ್ನೇ ಹಿಂಡು ಯಾವ್ದು ಅಂತ ನಂಗೆ ಯಾರೂ ಹೇಳ್ಬೇಕಾಗಿಲ್ಲ, ನಮ್ಮ ಕೈಯಾರೆ ಆಗಿದ್ದು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಯ್ತು, ದಡಾರ, ನಾಯಿಕೆಮ್ಮು, ಧನುರ್ವಾಯು ಅಂತ ಸಾಯೋ ಮಕ್ಕಳು ಕಮ್ಮಿ ಆದ್ವು. ಓಆರ್‌ಎಸ್ ಪೊಟ್ಟಣ ಬಂತು. 1971ರ ಯುದ್ಧದ ಟೈಮಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಕ್ಯಾಂಪಲ್ಲಿ ಕಾಲರಾ ಎದ್ದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವ್ರು ಸಲೈನ್ ಸಾಲದೇ ಇದೇ ಉಪ್ಪು-ಸಕ್ಕರೆ ನೀರು ಕುಡಿಸಿ ಜನ ಉಳಿಸಿದ್ರು. ನಮ್ಮಲ್ಲಿ ಗಂಜಿ ತೆಳಿಗೆ ಉಪ್ಪು ಹಾಕಿ ಕೊಡೋದು ಮೊದ್ಲಿಂದ ಇತ್ತು, ಆದ್ರೆ ಭೇದಿ ಆಗೋವಾಗ ನೀರು ಕೊಟ್ರೆ ಇನ್ನೂ ಜಾಸ್ತಿ ಆಗ್ತದೆ ಹೇಳಿ ಬಾಯಿ ಒಣಗ್ಸೋ ಮನೆಗಳೂ ಇದ್ವು, ಅವ್ರ ಹತ್ರ ಜಗಳ ಆಡಿ ಆಡಿ ಕುಡಿಸಿದ್ದೇವೆ. ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯವ್ರು 1980ರ ದಶಕದಲ್ಲಿ ಮನೆಮನೆಗೆ ಹೋಗಿ ತಾಯಂದಿರಿಗೆ ಕೈಯಲ್ಲೇ ಮಾಡಿ ತೋರ್ಸಿದ್ರು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಒಂದು ಕೋಟಿಗಿಂತ ಜಾಸ್ತಿ ಮನೆ. 1990ರಲ್ಲಿ ಆ ದೇಶದಲ್ಲಿ ಮಕ್ಕಳ ಸಾವು ನಮಗಿಂತ ಹೆಚ್ಚಿತ್ತು, ಈಗ ನಮ್ಮ ಸಮಕ್ಕೇ ಇದೆ. ಬರೀ ಹಣ ಆದಾಯ ನೋಡಿ ಮುನ್ಸೂಚನೆ ಹೇಳೋನು ಆಗ ಇದನ್ನ ಹೇಳ್ತಿರ್ಲಿಲ್ಲ.

ಈಗ ಉಳಿದಿರೋದು ಮೂರನೇ ಹಿಂಡು. ಕೇಂದ್ರ ಸರ್ಕಾರದ ಎಸ್‌ಆರ್‌ಎಸ್, ಅಂದ್ರೆ ಆಯ್ದ ಕಡೆಗಳಲ್ಲಿ ಹುಟ್ಟು ಸಾವು ಬರ್ಕೊಳ್ಳೋ ವ್ಯವಸ್ಥೆ, ಅದ್ರ ಲೆಕ್ಕದಲ್ಲಿ 2020ಕ್ಕೆ ಸಾವಿರಕ್ಕೆ 32 ಸಾವು, ಅದ್ರಲ್ಲಿ 20 ಮೊದಲ ಇಪ್ಪತ್ತೆಂಟು ದಿನದ ಒಳಗೇ ಆಗಿದ್ದು. ತಿಂಗಳು ತುಂಬದೇ ಹುಟ್ಟಿದ್ದು, ಹುಟ್ಟುವಾಗ ಉಸಿರು ಕಟ್ಟಿದ್ದು, ನಂಜಾಗಿದ್ದು. ಇದಕ್ಕೆ ಪೊಟ್ಟಣ ಇಲ್ಲ, ಒಂದು ಸೂಜಿಗೆ ಮುಗಿಯೋದೂ ಇಲ್ಲ. ರಾತ್ರಿ ಎರಡು ಗಂಟೆಗೆ ಕೈ ನಡುಗದೇ ಮಗೂಗೆ ಉಸಿರು ಕೊಡೋಕೆ ಬರೋರು ಬೇಕು, ಬಿಸಿ ಬೇಕು, ಗಾಡಿ ಬೇಕು, ರಸ್ತೆ ಬೇಕು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ಅನ್ನೋ ಡಾಕ್ಟರ್ ದಂಪತಿ ಊರ ಹೆಂಗಸ್ರಿಗೇ ತರಬೇತಿ ಕೊಟ್ಟು ಮನೇಲೇ ಬಾಣಂತಿ ಮಗೂನ ನೋಡ್ಕೊಳ್ಳೋ ಹಾಗೆ ಮಾಡಿ ನವಜಾತ ಶಿಶುಗಳ ಸಾವನ್ನ ಅರ್ಧಕ್ಕಿಂತ ಕೆಳಗೆ ಇಳಿಸಿದ್ರು, 1999ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು, ಇವತ್ತು ಆಶಾಗಳು ಮೂರನೇ ದಿನ ಏಳನೇ ದಿನ ಅಂತ ಮನೆಗೆ ಹೋಗೋದು ಅದೇ ದಾರಿ. ಅದು ಆಗ್ತದೆ. ಆದ್ರೆ ಗ್ರಾಫ್ ತನ್ನಷ್ಟಕ್ಕೆ ತಾನೇ ಇಳಿಯೋದಿಲ್ಲ, ಯಾರೋ ಇಳಿಸ್ಬೇಕು.

ಇನ್ನು ಮೊದಲ್ನೇ ತಕರಾರು. ವಿಶ್ವಸಂಸ್ಥೆ ಇಟ್ಟ ಗುರಿ 2030ಕ್ಕೆ 25. ಎಸ್‌ಆರ್‌ಎಸ್ಸಿನ 2020ರ 32 ಹಿಡಿದು ಅದೇ ಶೇಕಡಾ 3.4ರ ವೇಗದಲ್ಲಿ ಇಳಿಸಿದ್ರೆ 2027ಕ್ಕೇ ಮುಟ್ತೇವೆ, ಪಾಸು. ಕುಟುಂಬ ಸಮೀಕ್ಷೆಯ 42 ಹಿಡಿದ್ರೆ, ಆ ಅಂಕಿ ಸಮೀಕ್ಷೆಗೆ ಹಿಂದಿನ ಐದು ವರ್ಷದ್ದು ಅಂತ ಹಿಂದಕ್ಕೆ ಸರಿಸಿ ಲೆಕ್ಕ ಹಾಕಿದ್ರೂ 2032, 33 ಆಗ್ತದೆ, ನಪಾಸು. ದೇಶ ಒಂದೇ, ಮಕ್ಕಳು ಅವೇ, ವೇಗ ಒಂದೇ. ಶುರು ಮಾಡಿದ ಅಂಕಿ ಬೇರೆ ಅಷ್ಟೇ. ನಮ್ಮ ರಾಜ್ಯದ್ದು ನೋಡಿದ್ರೆ ಇನ್ನೂ ತಮಾಷೆ, ಎಸ್‌ಆರ್‌ಎಸ್ ಪ್ರಕಾರ ಕರ್ನಾಟಕ 2020ರಲ್ಲೇ 21, ಅಂದ್ರೆ ಗುರಿ ದಾಟಿ ಆಯ್ತು, 2019-21ರ ಸಮೀಕ್ಷೆ ಪ್ರಕಾರ ಸುಮಾರು 30, ಇನ್ನೂ ದಾಟಿರ್ಲಿಲ್ಲ. ನಿಮ್ಮ ಗ್ರಾಫಲ್ಲಿ ಯಾವ ಅಂಕಿ ಅಂತ ಎಲ್ಲೂ ಹಾಕಿರ್ಲಿಲ್ಲ ನೋಡಿ.

ಎರಡೂ ಸುಳ್ಳಲ್ಲ. ಎಸ್‌ಆರ್‌ಎಸ್‌ನಲ್ಲಿ ದೇಶಾದ್ಯಂತ ಎಂಟು ಸಾವಿರದ ಚಿಲ್ಲರೆ ಕಡೆ ಒಬ್ರು ಊರಲ್ಲೇ ಇದ್ದು ಹುಟ್ಟು ಸಾವು ಬರ್ಕೊಳ್ತಾ ಹೋಗ್ತಾರೆ, ಆರು ತಿಂಗಳಿಗೊಮ್ಮೆ ಬೇರೆಯವ್ರು ಬಂದು ತಾವೇ ಮನೆಮನೆ ಕೇಳ್ತಾರೆ, ಎರಡೂ ಪಟ್ಟಿ ತಾಳೆ ನೋಡ್ತಾರೆ, ತಾಳೆ ಆಗದಿದ್ದಿದ್ದು ಮತ್ತೆ ಹೋಗಿ ವಿಚಾರಿಸ್ತಾರೆ. ಸಮೀಕ್ಷೇಲಿ ಹಾಗಲ್ಲ, ಹೆಂಗಸ್ರನ್ನ ಕೂರ್ಸಿ ನಿಂಗೆ ಎಷ್ಟು ಮಕ್ಕಳು ಹುಟ್ಟಿದ್ವು, ಯಾವಾಗ, ಈಗ ಇದಾವಾ, ಇಲ್ದಿದ್ರೆ ಎಷ್ಟು ದಿನಕ್ಕೆ ಹೋದ್ವು ಅಂತ ಒಂದೊಂದೇ ಕೇಳೋದು, 2019-21ರ ಸುತ್ತಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಹೆಂಗಸ್ರನ್ನ ಕೇಳಿದಾರೆ. ಹೋದ ಮಗು ವಿಷಯ ಗುರುತಿಲ್ಲದೋರ ಎದುರು ಯಾರು ಬಾಯಿ ಬಿಡ್ತಾರೆ, ಎಷ್ಟು ಬಿಡ್ತಾರೆ, ನಿಮಗೇ ಗೊತ್ತು. ವಿಶ್ವಸಂಸ್ಥೆಯವ್ರು ಎಲ್ಲ ಮೂಲ ಕಲೆಹಾಕಿ ತಮ್ಮದೊಂದು ಗೆರೆ ಎಳೀತಾರೆ, 2022ಕ್ಕೆ ಭಾರತ 29 ಅಂತ, ಆದ್ರೆ ಅವ್ರು ಗೆರೆಯ ಮೇಲೆ ಕೆಳಗೆ ಒಂದು ಅಗಲದ ಪಟ್ಟೆಯನ್ನೂ ಹಾಕ್ತಾರೆ, ನಿಜ ಇದ್ರೊಳಗೆ ಎಲ್ಲೋ ಇದೆ ಅಂತ. ಪೇಪರಿಗೆ ಬರೋವಾಗ ಆ ಪಟ್ಟೆ ಉದುರಿ ಹೋಗ್ತದೆ, ಗೆರೆ ಮಾತ್ರ ಉಳೀತದೆ. ಮತ್ತೊಂದು, 2021ರ ಎಸ್‌ಆರ್‌ಎಸ್ ವರದಿ ಹೊರಗೆ ಬಂದಿದ್ದೇ 2025ರಲ್ಲಿ. ನಾಳೆ ಹೇಳ್ತೇವೆ ಅಂತ ಕೂತವ್ರ ಕೈಲಿ ನಿನ್ನೇದೂ ಇರೋದಿಲ್ಲ, ಮೊನ್ನೇದು ಇರ್ತದೆ.

ಈಗ ಡೈರಿ.

1996ರ ಜುಲೈ. ಗಂಗಾವಳಿ ಹೊಳೆ ಆಚೆ ಒಂದು ಸಬ್‌ಸೆಂಟರಲ್ಲಿ ಇದ್ದೆ, ಊರ ಹೆಸರು ಬೇಡ, ಆ ಮನೆಯವ್ರು ಈಗಲೂ ಅಲ್ಲೇ ಇದಾರೆ. ಆ ವರ್ಷವೇ ಏಪ್ರಿಲಲ್ಲಿ ಇನ್ಮೇಲೆ ಟಾರ್ಗೆಟ್ ಇಲ್ಲ ಅಂತ ಕುಟುಂಬ ಯೋಜನೆಗೆ ಹೊಸ ಪದ್ಧತಿ ಬಂದಿತ್ತು, ಅದಕ್ಕೂ ಮೊದ್ಲು ಮಾರ್ಚ್ ಬಂತು ಅಂದ್ರೆ ಆಪರೇಷನ್ ಕೇಸ್ ಎಷ್ಟು ತಂದೆ ಅಂತ ಮೀಟಿಂಗಲ್ಲಿ ಎದ್ದು ನಿಲ್ಲಿಸಿ ಕೇಳೋರು, ಆ ಅಭ್ಯಾಸ ಒಂದು ಆದೇಶಕ್ಕೆ ಹೋಗ್ತದಾ? ಹೆದರಿಕೆ ಎಲ್ಲಾ ಅಂಕಿಗೂ ಅಂಟ್ಕೊಂಡಿತ್ತು.

ರಾತ್ರಿ ಒಂದು ಗಂಟೆ ಸುಮಾರಿಗೆ ಕೊಪ್ಪೆ ಹೊದ್ದ ಒಬ್ಬ ಹುಡುಗ ಬಂದು ಬಾಗ್ಲು ಬಡ್ದ. ಎಂಟು ತಿಂಗಳೂ ತುಂಬಿರ್ಲಿಲ್ಲ, ನೋವು ಶುರುವಾಗಿತ್ತು. ಹೊಳೆ ಕೆಂಪಾಗಿ ದಡ ಮೀರಿ ಹರೀತಿತ್ತು, ದೋಣಿಯವ್ನು ಬೆಳಗಾಗೋ ತನಕ ಆಗೋದಿಲ್ಲ ಅಂದ, ಅವನದ್ದು ತಪ್ಪಲ್ಲ. ನಾನು ಮುಟ್ಟೋದ್ರೊಳಗೆ ಸೂಲಗಿತ್ತಿ ಮಗು ತೆಗ್ದು ಆಗಿತ್ತು. ಹೆಣ್ಣು. ಬೆಕ್ಕಿನ ಮರಿ ಹಾಗೆ ಒಂದೇ ಸಲ ಅತ್ತಿತು, ನಾನು ಕಿವಿಯಾರೆ ಕೇಳ್ದೆ. ತಕ್ಕಡೀಲಿ ಹಾಕಿದ್ರೆ 1.4 ಕೆಜಿ. ಕರೆಂಟಿಲ್ಲ, ಬಚ್ಚಲ ಒಲೆ ಮುಂದೆ ಕೂತು ಹಳೇ ಸೀರೆ ನಾಲ್ಕು ಮಡಿಕೆ ಮಾಡಿ ಸುತ್ತಿ ಎದೆಗೆ ಒತ್ತಿ ಹಿಡ್ಕೊಂಡೆ, ಉಸಿರು ಎಳೀವಾಗೆಲ್ಲ ಪಕ್ಕೆ ಒಳಗೆ ಹೋಗ್ತಿತ್ತು, ಅಷ್ಟು ಸಣ್ಣ ಪಕ್ಕೆ. ಎರಡೂವರೆ ಗಂಟೆ ಇತ್ತು. ನಾಲ್ಕು ಹತ್ತಕ್ಕೆ ನಿಂತ್ಹೋಯ್ತು.

ಅಜ್ಜಿ ಒಬ್ಳು ಅಷ್ಟೂ ಹೊತ್ತು ಒಲೆಗೆ ತೆಂಗಿನ ಗರಿ ಹಾಕ್ತಾ ಕೂತಿದ್ಲು. ಬೆಳಕು ಹರಿದ ಮೇಲೆ ನಂಗೆ ಚಾ ಕೊಟ್ಟು ಹೇಳಿದ್ಲು, ಬಾಯಿ, ಹುಟ್ಟುವಾಗ್ಲೇ ಇರ್ಲಿಲ್ಲ ಹೇಳಿ ಬರ್ಕಳಿ, ಹುಟ್ಟಿದ್ದಕ್ಕೊಂದು ಕಾಗ್ದ ಸತ್ತದ್ದಕ್ಕೊಂದು ಕಾಗ್ದ ಹೇಳಿ ನಮ್ಮ ಹುಡುಗಿ ಎರಡೆರಡು ಸಲ ಅಳೂದು ಬ್ಯಾಡ.

ಅವಳ ಮಾತಲ್ಲಿ ನ್ಯಾಯ ಇತ್ತು ಅಂತ ಈಗಲೂ ಅನ್ನಿಸ್ತದೆ. ಆದ್ರೆ ನಾನು ಬರ್ದಿದ್ದು ಅವಳಿಗೋಸ್ಕರ ಮಾತ್ರ ಅಂದ್ರೆ ಸುಳ್ಳಾಗ್ತದೆ. ಶಿಶು ಮರಣ ಅಂತ ಬರ್ದ್ರೆ ಬೇರೆ ಫಾರಂ, ಯಾಕೆ ರೆಫರ್ ಮಾಡ್ಲಿಲ್ಲ ಅಂತ ವಿವರಣೆ, ಮೀಟಿಂಗಲ್ಲಿ ಎದ್ದು ನಿಲ್ಲೋದು. ನಿರ್ಜೀವ ಜನನ ಅಂದ್ರೆ ಕಾಲಮ್ಮಲ್ಲಿ ಒಂದು ಅಂತ ಹಾಕಿದ್ರೆ ಆಯ್ತು, ಯಾರೂ ಕೇಳೋದಿಲ್ಲ. ರಿಜಿಸ್ಟರಲ್ಲಿ ನಿರ್ಜೀವ ಜನನ ಅಂತ ಬರ್ದೆ. ನನ್ನ ಸ್ವಂತ ಡೈರೀಲಿ ಮಾತ್ರ ಅದೇ ದಿನ ಬರ್ದಿದ್ದೇನೆ, ಹೆಣ್ಣು, 1.4, ಅತ್ತಿತು, 4.10. ನಿಯಮದ ಪ್ರಕಾರ ಒಂದೇ ಒಂದು ಉಸಿರು ಆಡಿದ್ರೂ, ಹೊಕ್ಕಳಬಳ್ಳಿ ಮಿಡಿದ್ರೂ ಅದು ಜೀವಂತ ಜನನ, ಅದಕ್ಕೆ ಹುಟ್ಟೂ ದಾಖಲಾಗ್ಬೇಕು ಸಾವೂ ದಾಖಲಾಗ್ಬೇಕು. ನಂಗೆ ಗೊತ್ತಿತ್ತು.

ಆ ಮಗು ಮೇಲಿನ ಅಂಕಿಯಲ್ಲೂ ಇಲ್ಲ, ಕೆಳಗಿನ ಅಂಕಿಯಲ್ಲೂ ಇಲ್ಲ. ಸತ್ತ ಮಕ್ಕಳ ಪಟ್ಟೀಲಿ ಇಲ್ಲ, ಜೀವಂತ ಹುಟ್ಟಿದ ಮಕ್ಕಳ ಪಟ್ಟೀಲೂ ಇಲ್ಲ. ನಾನೊಬ್ಳೇ ಹೀಗೆ ಮಾಡಿದ್ದಾ? ಮೇಲ್ವಿಚಾರಣೆಗೆ ಹೋದ ಮೇಲೆ ಬೇರೆಯವ್ರ ರಿಜಿಸ್ಟರ್ ತಿರುವೋದೇ ನನ್ನ ಕೆಲಸ ಆಯ್ತು, ಸತ್ತು ಹುಟ್ಟಿದ್ದು ಮೂರು ನಾಲ್ಕು, ಮೊದಲ ದಿನದ ಸಾವು ಸೊನ್ನೆ, ಅಂಥ ಪುಟ ಕಂಡ್ರೆ ನಂಗೆ ಕೂಡ್ಲೇ ತಿಳೀತಿತ್ತು. ಕಳ್ಳಿಗೆ ಕಳ್ಳಿ ಗುರುತು ಸಿಗ್ತದೆ. ಲೆಕ್ಕದೋರೂ ಹೀಗೇ ಕಂಡುಹಿಡೀತಾರಂತೆ, ಮೊದಲ ವಾರದ ಸಾವು ಇರ್ಬೇಕಾದ್ದಕ್ಕಿಂತ ಕಮ್ಮಿ, ನಿರ್ಜೀವ ಜನನ ಇರ್ಬೇಕಾದ್ದಕ್ಕಿಂತ ಜಾಸ್ತಿ ಕಂಡ್ರೆ ಅನುಮಾನ ಪಡ್ಬೇಕು ಅಂತ ಹುಡುಗ ಹೇಳಿದ.

ಆಮೇಲೆ ಅವ್ನೇ ಇನ್ನೊಂದು ಮಾತು ಹೇಳಿದ, ಅದು ನಂಗೆ ರಾತ್ರಿ ನಿದ್ದೆ ಕೊಡ್ಲಿಲ್ಲ. ಅಜ್ಜಿ, ಎಲ್ಲಾ ವರ್ಷವೂ ಒಂದೇ ಪ್ರಮಾಣದಲ್ಲಿ ತಪ್ಪು ಬರೀತಾ ಹೋಗಿದ್ರೆ ಪರವಾಗಿಲ್ಲ, ಗೆರೆ ಕೆಳಗೆ ಕೂತ್ಕೊಳ್ತದೆ ಆದ್ರೆ ಓರೆ ಸರಿ ಇರ್ತದೆ, ತೊಂದ್ರೆ ಆಗೋದು ಮಧ್ಯದಲ್ಲಿ ಸರಿಯಾಗಿ ಬರ್ಯೋಕೆ ಶುರು ಮಾಡಿದ್ರೆ. ನೋಡಿ ಹೆಂಗಿದೆ! ಒಂದು ಊರಲ್ಲಿ ಒಳ್ಳೇ ಸಿಸ್ಟರ್ ಬಂದು ಅತ್ತ ಮಗೂನ ಅತ್ತಿತು ಅಂತ್ಲೇ ಬರೆದ್ರೆ ಆ ವರ್ಷ ಅಲ್ಲಿ ಮಕ್ಕಳ ಸಾವು ಏರಿದ ಹಾಗೆ ಕಾಣ್ತದೆ. ಮುನ್ಸೂಚನೆ ಹೇಳಿದ್ದು ಇಷ್ಟು, ಬಂದಿದ್ದು ಅಷ್ಟು, ಯಾಕೆ ಅಂತ ಅವಳನ್ನೇ ಎದ್ದು ನಿಲ್ಲಿಸ್ತಾರೆ. ಮುಂದಿನ ವರ್ಷದಿಂದ ಅವಳೂ ಕಲೀತಾಳೆ. ಮೇಲೆ ಕೂತೋರು ಮುನ್ಸೂಚನೆಯನ್ನ ಟಾರ್ಗೆಟ್ ಮಾಡಿದ ಕೂಡ್ಲೇ ಕೆಳಗಿನ ಪೆನ್ನು ಆ ಮುನ್ಸೂಚನೆಯನ್ನ ನಿಜ ಮಾಡಿಕೊಡ್ತದೆ, ಮಗು ಉಳಿಸಿ ಅಲ್ಲ, ಕಾಲಮ್ ಬದಲಾಯಿಸಿ. ಆರಿಮಾಕ್ಕೆ ಇದು ಎಲ್ಲಿ ಗೊತ್ತಾಗ್ತದೆ?

ಈಗ ಕಾಲ ಬದಲಾಗಿದೆ ಅಂತೀರಿ, ಒಪ್ತೇನೆ. 2005ರಿಂದ ಆಶಾಗಳು ಬಂದ್ರು, ಜನನಿ ಸುರಕ್ಷಾ ಬಂತು, 2008ರಿಂದ 108 ಗಾಡಿ ಓಡ್ತಾ ಇದೆ, ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೇಲೇ ಅಂತ 2019-21ರ ಸಮೀಕ್ಷೆ. ಮನೇಲಿ ಒಲೆ ಮುಂದೆ ಮಗು ಹಿಡ್ಕೊಂಡು ಕೂರೋ ರಾತ್ರಿಗಳು ಹೆಚ್ಚುಕಮ್ಮಿ ಮುಗಿದ್ವು, ದೇವರು ದೊಡ್ಡೋನು. ಆದ್ರೆ ನಮ್ಮ ಜಿಲ್ಲೆಗೆ ಹೊಸದೊಂದು ತೊಡಕು ಇದೆ. ಸೀರಿಯಸ್ ಮಗು ನಮ್ಮಲ್ಲಿ ನಿಲ್ಲೋದು ಕಮ್ಮಿ. ಶಿರಸಿ, ಯಲ್ಲಾಪುರ ಕಡೇದು ಹುಬ್ಬಳ್ಳಿಗೆ, ಹೊನ್ನಾವರ, ಭಟ್ಕಳದ್ದು ಮಣಿಪಾಲ, ಮಂಗಳೂರಿಗೆ, ಕಾರವಾರದ್ದು ಎಷ್ಟೋ ಸಲ ಗೋವಾಕ್ಕೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜಿದ್ರೂ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಹುಡುಗ್ರು ಮೊಬೈಲಲ್ಲಿ ಎಬ್ಬಿಸಿದ ಕೂಗು ನೀವೂ ದಿನಾ ಹಾಕಿದ್ರಿ, ನೆನಪಿರ್ಬಹುದು.

ಕಾನೂನು ಪ್ರಕಾರ ಸಾವು ಎಲ್ಲಿ ಆಯ್ತೋ ಅಲ್ಲೇ ನೋಂದಣಿ. ಅಂದ್ರೆ ಶಿರಸಿ ಮಗು ಹುಬ್ಬಳ್ಳೀಲಿ ತೀರ್ಕೊಂಡ್ರೆ ಹುಟ್ಟು ನಮ್ಮ ಪುಸ್ತಕದಲ್ಲಿ, ಸಾವು ಧಾರವಾಡ ಜಿಲ್ಲೆ ಪುಸ್ತಕದಲ್ಲಿ. ಮಣಿಪಾಲದಲ್ಲಿ ಹೋದ್ರೆ ಉಡುಪಿ ಲೆಕ್ಕ, ಗೋವಾದ ಬಾಂಬೋಳಿಯಲ್ಲಿ ಹೋದ್ರೆ ರಾಜ್ಯವೇ ಬೇರೆ. ಊರಿನ ವಿಳಾಸ ನೋಡಿ ವಾಪಸ್ ನಮ್ಮ ಲೆಕ್ಕಕ್ಕೆ ಸೇರ್ಸದೇ ಹೋದ್ರೆ ಉತ್ತರ ಕನ್ನಡದ ಗೆರೆ ಇಳೀತಾ ಇರೋದ್ರಲ್ಲಿ ಎಷ್ಟು ಪಾಲು ನಮ್ಮ ಆರೈಕೇದು, ಎಷ್ಟು ಪಾಲು ಆಂಬುಲೆನ್ಸಿಂದು? ಮನೆಮನೆ ಕೇಳೋ ಸಮೀಕ್ಷೇಲಿ ಈ ತೊಂದ್ರೆ ಇಲ್ಲ, ನೋಂದಣಿ ಅಂಕಿ ಹಿಡಿದು ಜಿಲ್ಲೆ ಜಿಲ್ಲೆ ಹೋಲಿಸೋವಾಗ ಇದೆ. ಹಾಗೆ ಹೋಲಿಸಿ ಬರ್ದಿದ್ದು ನಾನು ಪೇಪರುಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ, ದೊಡ್ಡ ಆಸ್ಪತ್ರೆ ಇರೋ ಜಿಲ್ಲೆ ಕೆಟ್ಟದ್ದು, ಆಸ್ಪತ್ರೆ ಇಲ್ಲದ ಜಿಲ್ಲೆ ಒಳ್ಳೇದು ಅಂತ ಆಗ್ತದೆ!

ರಸ್ತೆ ವಿಷಯವೂ ಅಷ್ಟೇ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು, ಆಗಸ್ಟ್ 7ಕ್ಕೆ ಕಾಳಿ ಹಳೇ ಸೇತುವೆ ಬಿತ್ತು. ಘಟ್ಟದ ರಸ್ತೆ ಮಳೇಲಿ ಯಾವತ್ತು ಬಂದ್ ಆಗ್ತದೆ ಅಂತ ಯಾರಿಗೂ ಗೊತ್ತಿಲ್ಲ. ತಿಂಗಳು ತುಂಬದ ಮಗೂಗೆ ಒಂದು ಗಂಟೆ ತಡ ಅಂದ್ರೆ ಎಂತಾ ಅಂತ ನಂಗೆ ಗೊತ್ತು. ಹಿಂದಿನ ಅಂಕಿ ನೋಡಿ ಮುಂದಿನದ್ದು ಹೇಳೋ ಯಾವ ಮಾಡೆಲ್ಲಿಗೂ ಗುಡ್ಡ ಕಾಣೋದಿಲ್ಲ. ಆಫ್ರಿಕಾದ ಬೋಟ್ಸ್ವಾನಾ, ಜಿಂಬಾಬ್ವೆಯಲ್ಲೂ ಹಾಗೇ ಆಯ್ತಂತೆ, 80ರ ದಶಕದಲ್ಲಿ ಚಂದಾಗಿ ಇಳೀತಿದ್ದ ಗೆರೆ ಏಡ್ಸ್ ಬಂದು 90ರ ದಶಕದಲ್ಲಿ ಮೇಲಕ್ಕೆ ತಿರುಗ್ತು.

ಇನ್ನೊಂದು ಸಣ್ಣ ಲೆಕ್ಕ ಹೇಳಿ ಬಿಡ್ತೇನೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತೀಲಿ ವರ್ಷಕ್ಕೆ 300 ಹೆರಿಗೆ ಅಂತ ಇಟ್ಕೊಳ್ಳಿ. ಸಾವಿರಕ್ಕೆ 25ರ ಲೆಕ್ಕದಲ್ಲಿ ಏಳೋ ಎಂಟೋ ಸಾವು. ಏನೂ ಬದಲಾಗದೇ, ಬರೀ ಅದೃಷ್ಟದ ಮೇಲೆ, ಒಂದು ವರ್ಷ ಮೂರು ಆಗ್ಬಹುದು ಇನ್ನೊಂದು ವರ್ಷ ಹದಿಮೂರು ಆಗ್ಬಹುದು. ನಾಲ್ಕು ಇದ್ದಿದ್ದು ಎಂಟಾದ್ರೆ ಶಿಶು ಮರಣ ದುಪ್ಪಟ್ಟು ಅಂತ ಹೆಡ್ಡಿಂಗ್ ಹಾಕ್ಬೇಡಿ ಮಾರಾಯ್ರೆ. ಎಂಟು ನಾಲ್ಕಾದಾಗ ಸನ್ಮಾನ ಮಾಡಿದ ಫೋಟೋನೂ ಹಾಕ್ಬೇಡಿ. ಜೊಯಿಡಾದ ಕಾಡೊಳಗಿನ ಹತ್ತು ಮನೆ ಊರಿಗೆ ಮುನ್ಸೂಚನೆ ಅಂತ ಏನೂ ಇಲ್ಲ, ಅಲ್ಲಿ ಬೇಕಾಗಿರೋದು ಈ ವರ್ಷ ಬಸುರಿ ಯಾರು, ಮಳೆಗಾಲದಲ್ಲಿ ಅವ್ರು ಎಲ್ಲಿ ಇರ್ತಾರೆ ಅನ್ನೋ ಪಟ್ಟಿ.

ನಾನು ನಿಮ್ಮನ್ನ ಕೇಳೋದು ಇಷ್ಟೇ. ಮುಂದಿನ ಸಲ ಇಂಥ ಗ್ರಾಫ್ ಹಾಕೋವಾಗ ಅಂಕಿ ಎಸ್‌ಆರ್‌ಎಸ್ಸಿಂದಾ ಸಮೀಕ್ಷೇದಾ, ಯಾವ ವರ್ಷದ್ದು ಅಂತ ಅಡಿಯಲ್ಲಿ ಒಂದು ಸಾಲು ಹಾಕಿ. ಚುಕ್ಕಿ ಗೆರೆ ಜೊತೆ ಆ ಅಗಲದ ಪಟ್ಟೆಯನ್ನೂ ಹಾಕಿ, ಕರಿ ಬಣ್ಣದಲ್ಲಿ ಬೇಡ, ತೆಳು ಬೂದಿ ಬಣ್ಣದಲ್ಲಿ ಸಾಕು. ಜಿಲ್ಲೆ ಸುದ್ದಿ ಆದ್ರೆ ಶಿಶು ಮರಣದ ಪಕ್ಕದಲ್ಲೇ ನಿರ್ಜೀವ ಜನನ ಎಷ್ಟು ಅಂತ ಕೇಳಿ ಹಾಕಿ, ಒಂದು ಇಳೀತಾ ಇನ್ನೊಂದು ಏರ್ತಾ ಇದ್ರೆ ಓದೋರಿಗೇ ಗೊತ್ತಾಗ್ತದೆ. ಹೊರ ಜಿಲ್ಲೇಲಿ ತೀರ್ಕೊಂಡ ನಮ್ಮ ಮಕ್ಕಳ ಸಂಖ್ಯೆ ಸೇರಿದೆಯಾ ಅಂತ ಅಧಿಕಾರಿಗಳನ್ನ ಒಂದು ಮಾತು ಕೇಳಿ, ಉತ್ತರ ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತ್ಲೇ ಹಾಕಿ. ಮತ್ತೆ ಅಂಕಿ ಏರಿದ ಕಡೆ ಹೋದ್ರೆ ಅಲ್ಲಿನ ಸಿಸ್ಟರ್ ಫೋಟೋ ಹಾಕೋ ಮೊದ್ಲು ಅವಳ ರಿಜಿಸ್ಟರ್ ಒಂದು ಸಲ ನೋಡಿ, ಅವಳು ಸರಿಯಾಗಿ ಬರೀತಿರೋಳೂ ಆಗಿರ್ಬಹುದು.

ಹುಡುಗ ನನ್ನ ಡೈರಿ ಧಾರವಾಡಕ್ಕೆ ತಗೊಂಡು ಹೋಗಿದ್ದಾನೆ. ಅವನ ಮಾಡೆಲ್ಲಲ್ಲಿ ಆ ಒಂದು ಮಗು ಸೇರಿಸಿದ್ರೂ ಬಿಟ್ರೂ ದಶಾಂಶದಲ್ಲೂ ಏನೂ ಬದಲಾಗೋದಿಲ್ಲ, ಅದು ಅವನಿಗೂ ಗೊತ್ತು ನಂಗೂ ಗೊತ್ತು, ಆದ್ರೂ ಗೈಡಿಗೆ ತೋರಿಸ್ತೇನೆ ಅಂದ. ಆ ಪುಟದಲ್ಲಿ ನನ್ನ ಹೆಸರೂ ಇದೆ, ಇರ್ಲಿ ಅಂದೆ. ಬೇಗ ವಾಪಸ್ ತಾ ಅಂತ ಮಾತ್ರ ಹೇಳಿದ್ದೇನೆ, ಅದೇ ಡೈರಿ ಹಿಂದಿನ ಪುಟದಲ್ಲಿ ಮೀನಿನವಳ ಬಾಕಿ ಲೆಕ್ಕ ಇದೆ, ಅವಳು ಬಂದು ಎರಡು ಸಲ ಕೇಳಿ ಹೋಗಿದ್ದಾಳೆ.

ಇಂತಿ,
ಒಬ್ಬ ನಿವೃತ್ತ ನರ್ಸಬಾಯಿ
ಕುಮಟಾ